ಅಳತೆ ಬ್ಲೌಸ್ ಮನೆಯಲ್ಲೇ ಇರಲಿ, ನೀವು ಬನ್ನಿ

ಹೊಲಿಗೆ ಅಂಕಣ: ನೀವು ಕೇಳಿದ್ದು, ಅಕ್ಕ ಹೇಳಿದ್ದು

ಪ್ರಶ್ನೆ: ಅಕ್ಕಾ, ನನಗೆ 34 ವರ್ಷ. ವಿಜಯಪುರದವಳು, ಮದುವೆಯಾಗಿ ಡೊಂಬಿವಲಿಗೆ ಬಂದೆ. ಫೋರ್ಟ್‌ನಲ್ಲಿ ಬ್ಯಾಂಕ್ ಕೆಲಸ. ದೊಡ್ಡವನಿಗೆ ಐದು ವರ್ಷ, ಚಿಕ್ಕವಳಿಗೆ ಆರು ತಿಂಗಳು ತುಂಬುತ್ತಾ ಬಂತು. ಬರುವ ಒಂದನೇ ತಾರೀಖಿಗೆ ಮತ್ತೆ ಕೆಲಸಕ್ಕೆ ಹೋಗಬೇಕು. ಹೋದ ವಾರ ಕಪಾಟು ತೆಗೆದು ಒಂದೊಂದೇ ಹಾಕಿ ನೋಡಿದೆ. 22 ಬ್ಲೌಸ್‌ಗಳಲ್ಲಿ ಹುಕ್ಕು ಹತ್ತಿದ್ದು ಎರಡಕ್ಕೆ. ಕುರ್ತಾಗಳು ಎದೆ ಹತ್ತಿರ ಬಿಗಿ, ಹೊಟ್ಟೆ ಹತ್ತಿರ ಜಗ್ಗುತ್ತವೆ. 58 ಕಿಲೋ ಇದ್ದವಳು 69 ಆಗಿದ್ದೇನೆ. ಹಾಸಿಗೆ ತುಂಬ ಬಟ್ಟೆ ಹರಡಿಕೊಂಡು ಕೂತು ಅತ್ತುಬಿಟ್ಟೆ. ನಮ್ಮತ್ತೆ, "ಆರ್ ತಿಂಗ್ಳ ತಡಿ, ಮೈ ಇಳಿತದ. ರೊಕ್ಕ ಯಾಕ ಹಾಳ ಮಾಡ್ತಿ?" ಅಂತಾರೆ. 6,000 ರೂಪಾಯಿಗಿಂತ ಜಾಸ್ತಿ ಖರ್ಚು ಮಾಡೋಕೆ ಆಗಲ್ಲ. ಮಗು ಇನ್ನೂ ಹಾಲು ಕುಡಿಯುತ್ತದೆ. ಎಲ್ಲಿಂದ ಶುರು ಮಾಡಲಿ?
ಹೆಸರು ಬೇಡ, ಡೊಂಬಿವಲಿ

ಉತ್ತರ: ತಂಗೀ, ನಿನ್ನ ಕಾಗದ ಓದಿ ಎರಡು ದಿನ ಮನಸ್ಸಿನಲ್ಲೇ ಇಟ್ಟುಕೊಂಡಿದ್ದೆ. ಆ ಹಾಸಿಗೆ, ಆ ಬಟ್ಟೆ ರಾಶಿ ನನಗೆ ಗೊತ್ತು.

1996ರಲ್ಲಿ ನನ್ನ ಎರಡನೇ ಮಗಳು ಹುಟ್ಟಿದಾಗ ನಾನು ಅಂಧೇರಿ ಕಡೆ ಒಂದು ಗಾರ್ಮೆಂಟ್ ಕಾರ್ಖಾನೆಯಲ್ಲಿ ಮಷೀನ್ ಮೇಲೆ ಕೂರುತ್ತಿದ್ದೆ. ಸೀರೆ ಮೇಲೆ ಒಂದು ನೀಲಿ ಕೋಟು ಹಾಕಬೇಕಿತ್ತು. ಮೂರು ತಿಂಗಳ ಬಾಣಂತನ ಮುಗಿಸಿ ಹೋದರೆ ಕೋಟಿನ ಗುಂಡಿ ಕಾಜಾದವರೆಗೆ ಬರಲೇ ಇಲ್ಲ. ಪಿನ್ನು ಹಾಕಿಕೊಂಡು ಕೂತೆ. ಸೂಪರ್‌ವೈಸರ್ ನಲವತ್ತು ಹೆಂಗಸರ ಎದುರು ನಿಲ್ಲಿಸಿ, "ಅಂಟಿನುಂಡೆ ಜಾಸ್ತಿ ಆಯ್ತಾ?" ಅಂದ. ಅವತ್ತು ರಾತ್ರಿ ಮಕ್ಕಳು ಮಲಗಿದ ಮೇಲೆ ಕೋಟಿನ ಎರಡೂ ಪಕ್ಕ ಬಿಚ್ಚಿದೆ. ನಮ್ಮವರ ಹಳೇ ಪ್ಯಾಂಟಿನ ಬಟ್ಟೆ ಎರಡೆರಡು ಇಂಚು ಪಟ್ಟಿ ಕತ್ತರಿಸಿ ಕೂಡಿಸಿದೆ. ಬೆಳಿಗ್ಗೆ ಗುಂಡಿ ಸರಾಗವಾಗಿ ಹತ್ತಿತು. ಆ ದಿನ ನೆಟ್ಟಗೆ ಕೂತು ಹೊಲಿದದ್ದು ಇವತ್ತಿಗೂ ಬೆನ್ನಿಗೆ ನೆನಪಿದೆ. ಆಮೇಲೆ ನಾನೇ ಮುಲುಂಡ್‌ನಲ್ಲಿ ಅಂಗಡಿ ಹಾಕಿದೆ. ಬಾಣಂತನ ಮುಗಿಸಿ ಕೆಲಸಕ್ಕೆ ಹೊರಟ ಎಷ್ಟು ಹೆಣ್ಣುಮಕ್ಕಳ ಅಳತೆ ತೆಗೆದಿದ್ದೇನೋ ಲೆಕ್ಕವಿಲ್ಲ.

ಎಲ್ಲರೂ ಮಾಡುವ ತಪ್ಪು ಒಂದೇ. ಚೀಲದಲ್ಲಿ ಹಳೇ ಅಳತೆ ಬ್ಲೌಸ್ ತರುತ್ತಾರೆ. ಟೇಬಲ್ ಮೇಲೆ ಇಟ್ಟು, "ಅಕ್ಕಾ, ಇದೇ ಅಳತೆ, ಸ್ವಲ್ಪ ಲೂಸ್ ಮಾಡಿ" ಅಂತಾರೆ. ಅದು ಆಗದ ಕೆಲಸ. ಹೆರಿಗೆ ಆದ ಮೇಲೆ ಮೈ ಎಲ್ಲಾ ಕಡೆ ಒಂದೇ ಸಮ ಬೆಳೆಯುವುದಿಲ್ಲ. ನನ್ನ ಅಳತೆ ಪುಸ್ತಕದಲ್ಲಿ ಒಬ್ಬ ತಂಗಿಯ ಎರಡು ಪುಟ ಇವೆ, ಮದುವೆಗೆ ಹೊಲಿದದ್ದು ಮತ್ತು ಎರಡು ಮಕ್ಕಳಾದ ಮೇಲೆ ಹೊಲಿದದ್ದು. ಎದೆ 36 ಇದ್ದದ್ದು 40. ಎದೆಯ ಕೆಳಗೆ 31 ಇದ್ದದ್ದು 34. ತೋಳು 11 ಇದ್ದದ್ದು ಹನ್ನೆರಡೂವರೆ. ಭುಜ ಮಾತ್ರ ಆಗಲೂ 14, ಈಗಲೂ 14. "ಸ್ವಲ್ಪ ಲೂಸ್" ಅಂತ ಹೇಳಿದರೆ ಟೇಲರ್ ಭುಜವನ್ನೂ ದೊಡ್ಡದು ಮಾಡುತ್ತಾನೆ, ಕುತ್ತಿಗೆಯನ್ನೂ ಅಗಲ ಮಾಡುತ್ತಾನೆ. ಆಮೇಲೆ ದಿನವಿಡೀ ಜಾರುವ ಭುಜವನ್ನು ಎಳೆದುಕೊಳ್ಳುತ್ತಾ ಕೌಂಟರ್‌ನಲ್ಲಿ ಕೂರಬೇಕು. ತಪ್ಪು ಕಟಿಂಗ್‌ನದ್ದು, ನಾವು ಮೈಯನ್ನು ಬೈದುಕೊಳ್ಳುತ್ತೇವೆ.

ಅದಕ್ಕೇ ಅಳತೆ ಬ್ಲೌಸ್ ಮನೆಯಲ್ಲಿ ಬಿಟ್ಟು ಟೇಲರ್ ಹತ್ತಿರ ನೀನೇ ಹೋಗು. ಹೊಸದಾಗಿ ಟೇಪು ಹಿಡಿಸು.

ಆದರೆ ಅದಕ್ಕೂ ಮೊದಲು ಎರಡು ಒಳ್ಳೆ ಬ್ರಾ ತಗೋ. ಇದನ್ನು ಎಲ್ಲರೂ ಕೊನೆಗೆ ಇಡುತ್ತಾರೆ. ಹಳೇ ಸಡಿಲ ಬ್ರಾ ಮೇಲೆ ತೆಗೆದ ಅಳತೆಗೆ ಬೆಲೆಯೇ ಇಲ್ಲ. ಎದೆ ಒಂದಿಂಚು ಕೆಳಗೆ ಕೂತರೆ ಟಕ್ಸ್, ಅಂದರೆ ಎದೆಯ ಆಕಾರಕ್ಕೆ ಬಟ್ಟೆ ಮಡಚಿ ಹೊಲಿಯುವ ಪಟ್ಟುಗಳು, ಎಲ್ಲಾ ತಪ್ಪು ಜಾಗಕ್ಕೆ ಬರುತ್ತವೆ. ಉಸಿರು ಬಿಟ್ಟು ಎದೆಯ ಕೆಳಗೆ ಟೇಪು ಸುತ್ತು, ಆ ನಂಬರಿನಿಂದ ಸೈಜ್ ಶುರುವಾಗುತ್ತದೆ. ಹಾಲು ಕುಡಿಸುವಾಗ ತಂತಿ ಇರುವುದು, ಬಿಗಿಯಾಗಿ ಒತ್ತುವುದು ಬೇಡ. ಇನ್ನೊಂದು ಮಾತು: ಅಳತೆ ಕೊಡಲು ಹೋಗುವಾಗ ಮಗುವಿಗೆ ಹಾಲು ಕುಡಿಸಿದ ಕೂಡಲೇ ಹೋಗಬೇಡ. ಎದೆ ತುಂಬಿರುವಾಗ ಅಳತೆ ಕೊಡು. ಮಧ್ಯಾಹ್ನ ಬ್ಯಾಂಕಿನಲ್ಲಿ ಎದೆ ಭಾರವಾದಾಗ ಹುಕ್ಕು ಜಗ್ಗಬಾರದು, ಅಲ್ವಾ?

ಈಗ ಕೈ ಎತ್ತುವ ವಿಷಯ. ನೀನು ಡೊಂಬಿವಲಿಯಿಂದ ಫಾಸ್ಟ್ ಲೋಕಲ್ ಹತ್ತುವವಳು. ಲೇಡೀಸ್ ಡಬ್ಬಿಯಲ್ಲಿ ಸೀಟು ಸಿಗುವ ಮಾತು ಬಿಡು, ಠಾಣೆ ದಾಟುವವರೆಗೆ ಮೇಲಿನ ಹ್ಯಾಂಡಲ್ ಹಿಡಿದು ನೇತಾಡಬೇಕು. ನನ್ನ ಅಂಗಡಿಯಲ್ಲಿ ಅಳತೆ ತೆಗೆದಾದ ಮೇಲೆ "ಕೈ ಎತ್ತಮ್ಮ, ಲೋಕಲ್‌ನಲ್ಲಿ ನಿಂತ ಹಾಗೆ" ಅಂತೀನಿ. ಆಗ ಟೇಪು ತೋಳಿನ ಸುತ್ತ ಇನ್ನೊಮ್ಮೆ ಹೋಗುತ್ತದೆ. ಬಹಳ ಜನ ಕಂಕುಳನ್ನು ಕೆಳಗೆ ಇಳಿಸಿ ಕತ್ತರಿಸಿದರೆ ಆರಾಮ ಅಂದುಕೊಳ್ಳುತ್ತಾರೆ. ಆಗುವುದು ಉಲ್ಟಾ. ಕಂಕುಳ ಕೆಳಗೆ ಇಳಿದಷ್ಟೂ ಕೈ ಎತ್ತಿದಾಗ ಇಡೀ ಬ್ಲೌಸ್ ಮೇಲಕ್ಕೆ ಬರುತ್ತದೆ, ಹೊಟ್ಟೆ ಕಾಣುತ್ತದೆ. ಕಂಕುಳ ಮೈಗೆ ಹತ್ತಿರ ಇರಲಿ, ತೋಳು ಅಗಲ ಇರಲಿ. ಹೀಗೆ ಹೊಲಿದರೆ ಕೈ ಮಾತ್ರ ಏಳುತ್ತದೆ, ಬ್ಲೌಸ್ ಇದ್ದಲ್ಲೇ ಇರುತ್ತದೆ. ನಿನ್ನ ಟೇಲರ್‌ಗೆ ಇದನ್ನು ಬಾಯಿಬಿಟ್ಟು ಹೇಳು. ಟ್ರಯಲ್‌ಗೆ ಹೋದಾಗ ಕನ್ನಡಿ ಮುಂದೆ ಕೈ ಎತ್ತಿ ನೋಡದೆ ದುಡ್ಡು ಕೊಡಬೇಡ.

ಆ 22 ಬ್ಲೌಸ್‌ಗಳನ್ನು ಯಾರಿಗೂ ಕೊಡಬೇಡ. ಒಂದೊಂದನ್ನೂ ಒಳಗಡೆ ತಿರುಗಿಸಿ ಪಕ್ಕದ ಹೊಲಿಗೆ ನೋಡು. ಹೊಲಿಗೆಯ ಆಚೆ ಬಿಟ್ಟ ಬಟ್ಟೆಗೆ ನಾವು ಮಾರ್ಜಿನ್ ಅಂತೀವಿ. ಒಂದು ಇಂಚು ಇದ್ದರೆ ಅರ್ಧ ಇಂಚು ಬಿಡಿಸಬಹುದು, ಉಳಿದರ್ಧ ಹೊಲಿಗೆ ಹಿಡಿಯಲು ಬೇಕು. ಅರ್ಧ ಇಂಚು ಅಂದರೆ ಏನಾಯ್ತು ಅನ್ನಬೇಡ. ಎರಡು ಪಕ್ಕ, ಪ್ರತಿ ಪಕ್ಕಕ್ಕೆ ಹಿಂದೆ ಮುಂದೆ, ನಾಲ್ಕು ಅರ್ಧ ಸೇರಿ ಎರಡು ಇಂಚು ಸಿಗುತ್ತದೆ. ಒಂದೂವರೆ ಇಂಚು ಬಿಟ್ಟಿದ್ದರೆ ನಾಲ್ಕು ಇಂಚು. ತೋಳಿನ ಹೊಲಿಗೆಯನ್ನೂ ಜೊತೆಗೇ ಬಿಡಿಸಬೇಕು, ಇಲ್ಲದಿದ್ದರೆ ಎದೆ ಸಡಿಲವಾಗಿ ತೋಳು ಕಚ್ಚುತ್ತದೆ. ಕಾಟನ್‌ನಲ್ಲಿ ಹಳೇ ಹೊಲಿಗೆಯ ತೂತು ಒಗೆದು ಇಸ್ತ್ರಿ ಮಾಡಿದರೆ ಮುಚ್ಚಿಕೊಳ್ಳುತ್ತದೆ. ರೇಷ್ಮೆಯಲ್ಲಿ ಉಳಿಯುತ್ತದೆ, ಆದರೆ ಅದು ಕಂಕುಳ ಕೆಳಗೆ, ಸೆರಗಿನ ಮರೆಗೆ ಹೋಗುತ್ತದೆ. ರೆಡಿಮೇಡ್ ಕುರ್ತಾಗಳಲ್ಲಿ ಮಾರ್ಜಿನ್ ಬಿಡದೆ ಅಂಚಿಗೇ ಓವರ್‌ಲಾಕ್ (ನೂಲು ಬಿಚ್ಚದ ಹಾಗೆ ಹಾಕುವ ಅಂಚಿನ ಹೊಲಿಗೆ) ಹೊಡೆದಿರುತ್ತಾರೆ. ಅವುಗಳಿಗೆ ಪಕ್ಕದಲ್ಲಿ ಉದ್ದ ಪಟ್ಟಿ ಕೂಡಿಸಬಹುದು. ಬಟ್ಟೆ ಚೆನ್ನಾಗಿದ್ದರೆ ಮಾತ್ರ ಆ ಶ್ರಮ ಪಡು.

ನೀನು ವಿಜಯಪುರದವಳು, ಕಪಾಟಿನಲ್ಲಿ ಇಳಕಲ್ ಇದ್ದೇ ಇರುತ್ತದೆ, ಖಣದ ಬ್ಲೌಸೂ ಇರುತ್ತದೆ. ನಾನು ಗುಳೇದಗುಡ್ಡದ ಮಗ್ಗದ ಮನೆಯಲ್ಲಿ ಹುಟ್ಟಿದವಳು. ನಮ್ಮವ್ವ ಖಣ ನೇಯುತ್ತಿದ್ದಳು. ಆ ಬಟ್ಟೆಯ ಅಗಲವೇ ಕಡಿಮೆ, ಒಂದು ಖಣಕ್ಕೆ ಒಂದು ಕುಪ್ಪಸ ಅನ್ನುವ ಲೆಕ್ಕದಲ್ಲಿ ನೇಯ್ದದ್ದು. ಎದೆ 40 ಆದಾಗ ಸಾಲುವುದಿಲ್ಲ. ಅದಕ್ಕೆ ಕಂಕುಳ ಕೆಳಗೆ ಎರಡೂ ಪಕ್ಕ ಅದೇ ಬಣ್ಣದ ಪ್ಲೇನ್ ಕಾಟನ್ ಪಟ್ಟಿ ಕೂಡಿಸುತ್ತೇನೆ. ಖಣದ ಅಂಚು ಎದೆ ಮೇಲೆ, ಬೆನ್ನ ಮೇಲೆ ಇದ್ದ ಹಾಗೇ ಇರುತ್ತದೆ. ಕಾಟನ್ ಪಟ್ಟಿ ಬೆವರನ್ನೂ ಹೀರುತ್ತದೆ. ನಮ್ಮವ್ವ ಇದ್ದಾಗ ಒಮ್ಮೆ ಅಂಗಡಿಗೆ ಬಂದು ಇಂಥ ಒಂದು ಬ್ಲೌಸ್ ತಿರುಗಿಸಿ ನೋಡಿ, "ಛಲೋ ಮಾಡೀ" ಅಂದಿದ್ದಳು. ನನಗೆ ಅದಕ್ಕಿಂತ ದೊಡ್ಡ ಸರ್ಟಿಫಿಕೇಟ್ ಇಲ್ಲ.

ಸೀರೆಗಳ ಬಗ್ಗೆ ನೀನು ಬರೆದೇ ಇಲ್ಲ. ಸೀರೆ ನಿನಗೆ ಈಗಲೂ ಸರಿಯಾಗಿಯೇ ಆಗುತ್ತದೆ. ಐದೂವರೆ ಮೀಟರ್ ಐದೂವರೆ ಮೀಟರೇ. ಸೊಂಟ ನಾಲ್ಕು ಇಂಚು ಜಾಸ್ತಿ ಆಗಿದ್ದರೆ ಎರಡು ಸುತ್ತಿಗೆ ಎಂಟು ಇಂಚು ಬಟ್ಟೆ ಹೋಗುತ್ತದೆ. ಐದು ಇಂಚಿನ ಒಂದು ನೆರಿಗೆಗೆ ಹತ್ತು ಇಂಚು ಬೇಕು. ಅಂದರೆ ನಿನಗೆ ಒಂದು ನೆರಿಗೆ ಕಡಿಮೆ ಬರುತ್ತದೆ, ಅಷ್ಟೇ. ಮೊದಲ ತಿಂಗಳು ವಾರಕ್ಕೆ ಮೂರು ದಿನ ಸೀರೆ ಉಡು. ಮುಂದೆ ಹುಕ್ಕು ಇರುವ ಬ್ಲೌಸ್ ಇದ್ದರೆ ಹಾಲು ತೆಗೆಯಲು ಸುಲಭ, ಸೆರಗು ಮರೆಯಾಗುತ್ತದೆ. ಹಾಲು ಸೋರಿದರೆ ಪ್ರಿಂಟ್ ಇರುವ ಗಾಢ ಬಣ್ಣದಲ್ಲಿ ಕಾಣುವುದಿಲ್ಲ. ತೆಳು ಬಣ್ಣದ ಪ್ಲೇನ್ ರೇಷ್ಮೆಯಲ್ಲಿ ಒಂದು ಹನಿಯೂ ಎದ್ದು ಕಾಣುತ್ತದೆ. ಇನ್ನೊಂದು, ಹೆರಿಗೆ ಸೌಲಭ್ಯದ ಕಾನೂನಿನಲ್ಲಿ ಮಗುವಿಗೆ 15 ತಿಂಗಳು ತುಂಬುವವರೆಗೆ ದಿನಕ್ಕೆ ಎರಡು ಸಲ ಹಾಲೂಡಿಸುವ ಬಿಡುವು ಇದೆ, ಊಟದ ಬಿಡುವು ಬಿಟ್ಟು. 26 ವಾರದ ರಜೆ ಎಲ್ಲರಿಗೂ ಗೊತ್ತಿದೆ, ಇದು ಬಹಳ ಜನಕ್ಕೆ ಗೊತ್ತಿಲ್ಲ. ಕೇಳಲು ಸಂಕೋಚ ಬೇಡ.

ಲಂಗದ ಲಾಡಿಯನ್ನು ಮಾತ್ರ ಈಗಲೇ ಬದಲಾಯಿಸು. ಹೊಟ್ಟೆ ಮೆತ್ತಗಿರುವಾಗ ಸೀರೆ ಜಾರೀತು ಅಂತ ಲಾಡಿಯನ್ನು ಬಿಗಿದು ಕಟ್ಟುತ್ತೇವೆ. ಸಂಜೆ ಬಿಚ್ಚಿದಾಗ ಸೊಂಟದ ಸುತ್ತ ಕೆಂಪು ಗೆರೆ. ವರ್ಷಗಟ್ಟಲೆ ಒಂದೇ ಕಡೆ ಉಜ್ಜಿ ಹುಣ್ಣಾಗಿ, ಅದು ಚರ್ಮದ ಕ್ಯಾನ್ಸರ್‌ಗೆ ತಿರುಗಿದ ಇಬ್ಬರು ವಯಸ್ಸಾದ ಹೆಂಗಸರ ವಿಷಯ 2024ರಲ್ಲಿ ವರ್ಧಾ ಮತ್ತು ಬಿಹಾರದ ವೈದ್ಯರು ಬರೆದಿದ್ದರು. ಬಹಳ ಅಪರೂಪ, ಹೆದರಬೇಡ. ಆದರೆ ಗೆರೆ ಕಪ್ಪಾಗಿ ಕಡಿತ ಶುರುವಾದರೆ ಅಲಕ್ಷ್ಯ ಮಾಡಬಾರದು. ಲಾಡಿಯ ಬದಲು ಮೂರು ನಾಲ್ಕು ಇಂಚು ಅಗಲದ ಪಟ್ಟಿ ಹಾಕಿ, ಪಕ್ಕಕ್ಕೆ ಎರಡು ಸಾಲು ಹುಕ್ಕು ಕೊಟ್ಟು ಹೊಲಿಸು. ಭಾರ ಒಂದು ದಾರದ ಮೇಲೆ ಬೀಳದೆ ಹರಡಿಕೊಳ್ಳುತ್ತದೆ. ಸಿಸೇರಿಯನ್ ಆಗಿದ್ದರೆ ಪ್ಯಾಂಟಿನ ಪಟ್ಟಿ ಗಾಯದ ಮೇಲೆ ಕೂರದ ಹಾಗೆ ಮೇಲೆ ಬರಲಿ.

ಖರ್ಚಿನ ಲೆಕ್ಕ ಹೇಳುತ್ತೇನೆ, ನನ್ನ ಅಂಗಡಿಯ ದರದಲ್ಲಿ. ಬ್ರಾ ಎರಡಕ್ಕೆ 1,000. ಏಳು ಬ್ಲೌಸ್ ಬಿಡಿಸಲು 80ರಂತೆ 560. ಲೈನಿಂಗ್ ಹಾಕಿದ ಹೊಸ ಬ್ಲೌಸ್ ಎರಡು, ಬಟ್ಟೆ ಸೇರಿ 1,400. ಲಂಗ ಎರಡಕ್ಕೆ 600. ಕುರ್ತಾ ಎರಡು, ಬಟ್ಟೆ ಸೇರಿ 1,900. ಇಲ್ಲಿಗೆ 5,460 ಆಯಿತು. ಉಳಿದದ್ದಕ್ಕೆ ಸೊಂಟದಲ್ಲಿ ಎಲಾಸ್ಟಿಕ್ ಇರುವ ಒಂದು ಕಪ್ಪು ಪ್ಯಾಂಟ್. ಸದ್ಯಕ್ಕೆ ಇಷ್ಟು ಸಾಕು. ಬಟ್ಟೆಗೆ ಫೋರ್ಟ್‌ನಿಂದ ಕ್ರಾಫರ್ಡ್ ಮಾರ್ಕೆಟ್ ಹತ್ತಿರದ ಮಂಗಲ್‌ದಾಸ್ ಮಾರ್ಕೆಟ್ ನಿನಗೆ ಸಮೀಪ. ರಜೆ ದಿನ ಮನೆಯವರ ಜೊತೆ ಹೋಗುವುದಾದರೆ ಸಾಯನ್ ಕಡೆಯ ಗಾಂಧಿ ಮಾರ್ಕೆಟ್. ಸೀರೆ ಜೊತೆ ಬರುವ ಬ್ಲೌಸ್ ಪೀಸ್ ಸಾಮಾನ್ಯವಾಗಿ 80 ಸೆಂಟಿಮೀಟರ್ ಇರುತ್ತದೆ, ನಿನಗೆ ಮೊಣಕೈ ತೋಳು ಬೇಕಿದ್ದರೆ ಸಾಲದು. ಒಂದು ಮೀಟರಿಗಿಂತ ಕಡಿಮೆ ತಗೋಬೇಡ. ಕುರ್ತಾಗೆ ಎದೆಯಲ್ಲಿ ಉದ್ದ ಗುಂಡಿಪಟ್ಟಿ ಇಡಿಸು, ಪಕ್ಕದ ಸೀಳು ಹೊಟ್ಟೆಯ ದಪ್ಪ ಭಾಗಕ್ಕಿಂತ ಕೆಳಗೆ ಶುರುವಾಗದಿರಲಿ. ಕೂತಾಗ ಜಗ್ಗುವುದು ಅಲ್ಲೇ. ಮಳೆಗಾಲಕ್ಕೆ ದಪ್ಪ ಕಾಟನ್ ಬೇಡ, ಬಾಲ್ಕನಿಯಲ್ಲಿ ಎರಡು ದಿನ ಒಣಗುವುದಿಲ್ಲ.

ಅತ್ತೆಯವರ ಮಾತು. ಅವರು ಹೇಳುವುದರಲ್ಲಿ ಅರ್ಧ ನಿಜ ಇದೆ, ಮೈ ಇಳಿಯಬಹುದು. ಆದರೆ ಇನ್ನು ಆರು ತಿಂಗಳು ನೀನು ದಿನಾ ಬ್ಯಾಂಕಿಗೆ ಹೋಗಬೇಕು, ಆ ದಿನಗಳಿಗೆ ಬಟ್ಟೆ ಬೇಡವೇ? ಅವರಿಗೆ ಹೀಗೆ ಹೇಳು: "ಅತ್ತೀ, ಹೊಸಾ ಬ್ಲೌಸಿನ್ಯಾಗ ಒಂದೂವರಿ ಇಂಚ್ ಮಾರ್ಜಿನ್ ಬಿಡಿಸೀನಿ. ಮೈ ಇಳಿದ್ರ ಹಿಡಿಸ್ತೀನಿ, ಒಂದ್ ರೂಪಾಯಿನೂ ಹಾಳಾಗಂಗಿಲ್ಲ." ಬಟ್ಟೆ ಹಿಡಿಸುವುದು ಹತ್ತು ನಿಮಿಷದ ಕೆಲಸ. ಅವರನ್ನೇ ಜೊತೆಗೆ ಟೇಲರ್ ಹತ್ತಿರ ಕರೆದುಕೊಂಡು ಹೋದರೆ ಇನ್ನೂ ಒಳ್ಳೆಯದು. ಮಾರ್ಜಿನ್ ಬಿಡಿಸುವ ಜಗಳ ಆಡುವುದರಲ್ಲಿ ನಮ್ಮ ಕಡೆಯ ಅತ್ತೆಯರನ್ನು ಮೀರಿಸುವವರಿಲ್ಲ.

ಮೊದಲ ದಿನಕ್ಕೆ ಇಳಕಲ್ ಸೀರೆಯೇ ಇರಲಿ. ಹೇಗಾಯಿತು ಅಂತ ನನಗೆ ಬರಿ ತಂಗಿ, ಕಾಯುತ್ತಿರುತ್ತೇನೆ.

ಪ್ರಶ್ನೆ: ನನಗೆ 41. ಪುಣೆಯ ಚಿಂಚವಾಡದಲ್ಲಿ ಶಾಲೆ ಟೀಚರ್. ಮಗಳಿಗೆ ಒಂಬತ್ತು ವರ್ಷ. ತೂಕ ಮದುವೆಗೆ ಮುಂಚೆ ಇದ್ದಷ್ಟೇ ಇದೆ, ಒಂದು ಕಿಲೋ ಹೆಚ್ಚಿಲ್ಲ. ಆದರೂ ಹಳೇ ಪ್ಯಾಂಟು, ಹಳೇ ಚಪ್ಪಲಿ ಯಾವುದೂ ಆಗಲ್ಲ. ಹೀಗೂ ಆಗುತ್ತಾ?
ಓದುಗರು, ಚಿಂಚವಾಡ

ಉತ್ತರ: ಆಗುತ್ತಮ್ಮಾ, ಸುಮ್ನೆ ನಿಮಗೆ ಅನ್ನಿಸುತ್ತಿರುವುದಲ್ಲ. ತಕ್ಕಡಿಗೆ ಕಿಲೋ ಮಾತ್ರ ಗೊತ್ತಾಗುತ್ತದೆ, ಆಕಾರ ಗೊತ್ತಾಗುವುದಿಲ್ಲ. ಬಸಿರಿನಲ್ಲಿ ಪಕ್ಕೆಲುಬು ಅಗಲವಾಗುತ್ತದೆ, ಸೊಂಟದ ಕೀಲುಗಳು ಸಡಿಲವಾಗುತ್ತವೆ. ಎಲ್ಲರಿಗೂ ಅದು ಪೂರ್ತಿ ಮೊದಲಿನಂತೆ ಆಗುವುದಿಲ್ಲ. ಹೊಟ್ಟೆಯ ಮಧ್ಯದ ಸ್ನಾಯು ಎರಡು ಪಕ್ಕಕ್ಕೆ ಸರಿದು ಹಾಗೇ ಉಳಿದರೆ ತೂಕ ಕಡಿಮೆ ಇದ್ದರೂ ಹೊಟ್ಟೆ ಮುಂದೆ ಕಾಣುತ್ತದೆ. ಮಲಗಿ ತಲೆ ಸ್ವಲ್ಪ ಎತ್ತಿದಾಗ ಹೊಕ್ಕುಳ ಹತ್ತಿರ ಉದ್ದಕ್ಕೆ ಉಬ್ಬು ಬಂದರೆ ಒಮ್ಮೆ ಫಿಸಿಯೋಥೆರಪಿಸ್ಟ್‌ಗೆ ತೋರಿಸಿ. ಒಂಬತ್ತು ವರ್ಷ ಆಯಿತು ಅಂತ ಬಿಡಬೇಡಿ, ವ್ಯಾಯಾಮದಿಂದ ಬೆನ್ನುನೋವೂ ಕಡಿಮೆಯಾಗಬಹುದು.

ಪಾದವೂ ಹಾಗೇ. ಬಸಿರಿನಲ್ಲಿ ಪಾದದ ಕಮಾನು ಸ್ವಲ್ಪ ಇಳಿದು ಪಾದ ಉದ್ದವಾಗುತ್ತದೆ, ಕೆಲವರಿಗೆ ಅದು ಅಲ್ಲೇ ನಿಂತುಬಿಡುತ್ತದೆ. ನಿಮ್ಮ ಹಳೇ ನಂಬರನ್ನು ಮರೆತು ಸಂಜೆ ಹೊತ್ತು, ಪಾದ ಸ್ವಲ್ಪ ಊದಿರುವಾಗ, ಎರಡೂ ಕಾಲಿಗೆ ಹಾಕಿ ನೋಡಿ ತಗೊಳ್ಳಿ. ಇಡೀ ದಿನ ಬೋರ್ಡ್ ಮುಂದೆ ನಿಲ್ಲುವವರಿಗೆ ಇದರಲ್ಲಿ ಕಂಜೂಸಿ ಬೇಡ.

ಪ್ಯಾಂಟಿಗೆ ಮುಂದೆ ಚಪ್ಪಟೆ ಪಟ್ಟಿ, ಹಿಂದೆ ಮಾತ್ರ ಎಲಾಸ್ಟಿಕ್ ಹಾಕಿಸಿ. ಕುರ್ತಾ ಕೆಳಗೆ ಉಬ್ಬು ಕಾಣುವುದಿಲ್ಲ, ಊಟ ಆದ ಮೇಲೂ ಆರಾಮ. ಅಳತೆ ಕೊಡುವಾಗ ಕೂತು ಕೊಡಿ. ಕೂತಾಗ ಹೊಟ್ಟೆಯ ಸುತ್ತಳತೆ ಎಷ್ಟಾಗುತ್ತದೋ ಅದೇ ನಿಮ್ಮ ಅಳತೆ.

ಪ್ರಶ್ನೆ: ನಾನು ಮಡಗಾಂವ್‌ನಲ್ಲಿ ಕೆಲಸ ಮಾಡುವ ಹುಬ್ಬಳ್ಳಿಯವನು. ಹೆಂಡತಿ ಮುಂದಿನ ತಿಂಗಳಿನಿಂದ ಮತ್ತೆ ಕೆಲಸಕ್ಕೆ ಹೋಗುತ್ತಾಳೆ, ಮಗುವಿಗೆ ಒಂದು ವರ್ಷ. ಅವಳಿಗೆ ಹೇಳದೆ ನಾಲ್ಕು ಕುರ್ತಾ ತಂದು ಕೊಡಬೇಕು ಅಂತಿದ್ದೇನೆ. ಮೊದಲು ಎಂ ಸೈಜ್ ಇತ್ತು. ಈಗ ಎಲ್ ತರಲಾ, ಎಕ್ಸ್‌ಎಲ್ ತರಲಾ?
ಓದುಗರು, ಮಡಗಾಂವ್

ಉತ್ತರ: ತಮ್ಮಾ, ನಿನ್ನ ಮನಸ್ಸು ದೊಡ್ಡದು. ಆದರೆ ಸೈಜ್ ಊಹೆ ಮಾಡಬೇಡ. ಒಂದು ಕಂಪನಿಯ ಎಲ್ ಇನ್ನೊಂದರ ಎಂಗೆ ಸಮ ಇರುತ್ತದೆ. ಚಿಕ್ಕದು ತಂದರೆ ಅವಳಿಗೆ ಹಾಕಲಾಗದೆ ಬೇಜಾರು, ದೊಡ್ಡದು ತಂದರೆ "ಇಷ್ಟು ದಪ್ಪ ಕಾಣ್ತೀನಾ?" ಅಂತ ಬೇಜಾರು. ಆ ನಾಲ್ಕು ಕುರ್ತಾದ ದುಡ್ಡನ್ನು ಕವರ್‌ನಲ್ಲಿ ಹಾಕಿ ಅವಳ ಕೈಗೆ ಕೊಡು. ಏನಾದರೂ ಕೈಯಲ್ಲಿ ಹಿಡಿದುಕೊಂಡೇ ಹೋಗಬೇಕು ಅನ್ನಿಸಿದರೆ ಒಂದು ಕಾಟನ್ ಸೀರೆ ತಗೊಂಡು ಹೋಗು, ಅದಕ್ಕೆ ಸೈಜ್ ಬೇಕಿಲ್ಲ.

ಅದಕ್ಕಿಂತ ದೊಡ್ಡ ಉಡುಗೊರೆ ಒಂದಿದೆ. ಬರುವ ಶನಿವಾರ ಮಗುವನ್ನು ನೀನು ನೋಡಿಕೋ, ಮೂರು ನಾಲ್ಕು ಗಂಟೆ. ಒಂದು ವರ್ಷದಿಂದ ಅವಳು ಟ್ರಯಲ್ ರೂಮಿನಲ್ಲಿ ಒಬ್ಬಳೇ ಬಾಗಿಲು ಹಾಕಿಕೊಂಡು ನಿಂತಿರಲಿಕ್ಕಿಲ್ಲ. ಮಗುವಿನ ಬಟ್ಟೆ, ಊಟ, ಔಷಧಿ ಎಲ್ಲೆಲ್ಲಿವೆ ಅಂತ ಶುಕ್ರವಾರ ರಾತ್ರಿಯೇ ಕೇಳಿಟ್ಟುಕೋ. ಅವಳು ಅಂಗಡಿಯಲ್ಲಿರುವಾಗ ಫೋನ್ ಮಾಡಬೇಡ.